ಗೇಮ್ ಸಂಗ್ರಹದ ಖರ್ಚನ್ನು ಹತೋಟಿಯಲ್ಲಿಡುವ ಬಗೆ

ವಿಡಿಯೊ ಗೇಮ್ ಸಂಗ್ರಹಿಸುವವರ ಖರ್ಚು ಕೈಮೀರುವುದು ಬಹುಮಟ್ಟಿಗೆ ದುಬಾರಿ ಆಟಗಳಿಂದಲ್ಲ. ದುಬಾರಿ ವಸ್ತುವನ್ನು ಕೊಳ್ಳುವ ಮುನ್ನ ಯಾರಾದರೂ ನಾಲ್ಕು ದಿನ ಯೋಚಿಸುತ್ತಾರೆ, ನಾಲ್ಕು ಕಡೆ ಬೆಲೆ ವಿಚಾರಿಸುತ್ತಾರೆ. ಅಗ್ಗಕ್ಕೆ ಸಿಕ್ಕಿತೆಂದು, ರಿಯಾಯಿತಿ ನಾಳೆಗೆ ಮುಗಿಯುತ್ತದೆಂದು, ಸರಣಿಯ ಮೂರು ಭಾಗಗಳಿದ್ದಾಗ ನಾಲ್ಕನೆಯದೂ ಇರಲೆಂದು ಕೊಂಡ ಸಣ್ಣಪುಟ್ಟ ಆಟಗಳ ಬಗ್ಗೆ ಯಾರೂ ಅಷ್ಟು ಯೋಚಿಸುವುದಿಲ್ಲ. ಹನಿಗೂಡಿದರೆ ಹಳ್ಳ ಎಂಬ ಮಾತನ್ನು ನಾವು ಉಳಿತಾಯದ ಸಂದರ್ಭದಲ್ಲಿ ಮಾತ್ರ ನೆನೆಯುತ್ತೇವೆ. ಅದು ಖರ್ಚಿಗೂ ಅಷ್ಟೇ ಸಲ್ಲುತ್ತದೆ.

ಹಲವು ವರ್ಷ ಈ ಹವ್ಯಾಸದಲ್ಲಿದ್ದು, ಲೆಕ್ಕ ಇಡದೆ ಕೊಂಡು, ಆಮೇಲೆ ಲೆಕ್ಕ ಇಡಲು ಕಲಿತ ಅನುಭವದಿಂದ ನನಗೆ ತಿಳಿದ ಒಂದು ಸಂಗತಿ ಈ ಲೇಖನದ ತಳಹದಿಯಾಗಿದೆ. ಆಟವನ್ನು ಆಡಬೇಕೆಂಬ ಆಸೆ ಒಂದು, ಅದನ್ನು ಇಟ್ಟುಕೊಳ್ಳಬೇಕೆಂಬ ಆಸೆ ಇನ್ನೊಂದು. ಇವೆರಡೂ ಬೆರೆತುಹೋದಾಗ ಒಂದರ ನೆಪದಲ್ಲಿ ಇನ್ನೊಂದಕ್ಕೆ ಹಣ ಹರಿದುಹೋಗುತ್ತದೆ. ಮುಂದೆ ಹೇಳಲಿರುವ ಕ್ರಮಗಳೆಲ್ಲ ಈ ಎರಡನ್ನೂ ಬೇರ್ಪಡಿಸುವ ಬೇರೆ ಬೇರೆ ದಾರಿಗಳೆಂದು ಓದುಗರು ಭಾವಿಸಬಹುದು.

ಮೊದಲ ಹೆಜ್ಜೆ: ಯಾವ ಆಸೆಗೆ ಹಣ ಕೊಡುತ್ತಿದ್ದೀರಿ ಎಂದು ಕೇಳಿಕೊಳ್ಳಿ

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಸೂಪರ್ ನಿಂಟೆಂಡೊ ಕನ್ಸೋಲ್‌ಗಾಗಿ (ಟಿವಿಗೆ ಜೋಡಿಸಿ ಆಡುವ ಯಂತ್ರ) 1995ರಲ್ಲಿ ಉತ್ತರ ಅಮೆರಿಕದಲ್ಲಿ ಬಿಡುಗಡೆಯಾದ ಅರ್ಥ್‌ಬೌಂಡ್ ಎಂಬ ಆಟ ಸಂಗ್ರಾಹಕರ ನಡುವೆ ಬಲು ದುಬಾರಿ. ಅದು ಮಾಮೂಲಿಗಿಂತ ದೊಡ್ಡ ಪೆಟ್ಟಿಗೆಯಲ್ಲಿ, ಆಟದ ಮಾರ್ಗದರ್ಶಿ ಪುಸ್ತಕದ ಸಮೇತ ಬಂದಿತ್ತು. ಪೆಟ್ಟಿಗೆ, ಪುಸ್ತಕ, ಆಟ ಅಡಕವಾಗಿರುವ ಕಾರ್ಟ್ರಿಜ್ ಮೂರೂ ಸುಸ್ಥಿತಿಯಲ್ಲಿರುವ ಪ್ರತಿ ಸಿಗುವುದು ಅಪರೂಪ. ಆದರೆ ಅದೇ ಆಟ 2013ರಲ್ಲಿ ವೀ ಯು ಕನ್ಸೋಲ್‌ನ ಡಿಜಿಟಲ್ ಅಂಗಡಿಯಲ್ಲಿ ಮಾರಾಟಕ್ಕೆ ಬಂತು, 2022ರಲ್ಲಿ ಸ್ವಿಚ್ ಕನ್ಸೋಲ್‌ನ ಚಂದಾ ಸೇವೆಗೂ ಸೇರಿತು. ಕಥೆಯನ್ನು ಆಡಿ ಅನುಭವಿಸಬೇಕೆನ್ನುವವರಿಗೆ ಹಳೆಯ ಪ್ರತಿಯ ಬೆಲೆಯ ಅತಿ ಚಿಕ್ಕ ಪಾಲಿನಲ್ಲಿ ಕೆಲಸ ಮುಗಿಯುತ್ತದೆ. ಹಳೆಯ ಪ್ರತಿಗೇ ಹಣ ಕೊಡುವವರು ತಾವು ಕೊಳ್ಳುತ್ತಿರುವುದು ಒಂದು ರಟ್ಟಿನ ಪೆಟ್ಟಿಗೆಯನ್ನು, ಒಂದು ಪುಸ್ತಕವನ್ನು ಮತ್ತು ಒಂದು ಕಾಲದ ನೆನಪನ್ನು ಎಂಬುದನ್ನು ಒಪ್ಪಿಕೊಂಡು ಕೊಳ್ಳಬೇಕು. ಹಾಗೆ ಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ತಾನು ಆಡುವುದಕ್ಕಾಗಿ ಕೊಳ್ಳುತ್ತಿದ್ದೇನೆಂದು ತನಗೆ ತಾನೇ ಹೇಳಿಕೊಂಡು, ತಂದ ಮೇಲೆ ಮುಟ್ಟಲೂ ಹೆದರಿ ಕಪಾಟಿನಲ್ಲಿಡುವುದು ಮಾತ್ರ ತಪ್ಪು.

ಆದ್ದರಿಂದ ಯಾವುದೇ ಆಟವನ್ನು ಕೊಳ್ಳುವ ಮುನ್ನ, ಅದನ್ನು ಆಡಲು ಇದಕ್ಕಿಂತ ಕಡಿಮೆ ಖರ್ಚಿನ ನ್ಯಾಯಸಮ್ಮತ ದಾರಿ ಇದೆಯೇ ಎಂದು ನೋಡಿ. ಮರುಬಿಡುಗಡೆ, ಹಲವು ಆಟಗಳ ಒಟ್ಟು ಸಂಪುಟ, ಚಂದಾ ಸೇವೆ, ಗೆಳೆಯರಿಂದ ಎರವಲು, ಗ್ರಂಥಾಲಯದಲ್ಲಿ ಆಟಗಳು ದೊರೆಯುವ ಊರುಗಳಲ್ಲಿ ಗ್ರಂಥಾಲಯ, ಹೀಗೆ ಯಾವುದಾದರೂ ಒಂದು ಸಿಗುವುದುಂಟು. ಭೌತಿಕ ಪ್ರತಿಯೇ ಬೇಕೆನ್ನುವವರಿಗೂ ಅಗ್ಗದ ಆವೃತ್ತಿಗಳಿವೆ. ಚೆನ್ನಾಗಿ ಮಾರಾಟವಾದ ಆಟಗಳನ್ನು ಸೋನಿ ಸಂಸ್ಥೆಯು ಉತ್ತರ ಅಮೆರಿಕದಲ್ಲಿ ‘ಗ್ರೇಟೆಸ್ಟ್ ಹಿಟ್ಸ್’ ಎಂದೂ ಯುರೋಪಿನಲ್ಲಿ ‘ಪ್ಲಾಟಿನಂ’ ಎಂದೂ, ನಿಂಟೆಂಡೊ ಸಂಸ್ಥೆಯು ‘ಪ್ಲೇಯರ್ಸ್ ಚಾಯ್ಸ್’ ಎಂದೂ ಕಡಿಮೆ ಬೆಲೆಗೆ ಮತ್ತೆ ಹೊರತಂದಿದ್ದವು. ಹೊದಿಕೆಯ ಅಂಚಿನ ಬಣ್ಣ ಬೇರೆಯೆಂಬ ಕಾರಣಕ್ಕೆ ಇವನ್ನು ಒಲ್ಲದ ಸಂಗ್ರಾಹಕರು ಬಹಳ; ಆ ತಾತ್ಸಾರದ ಲಾಭವನ್ನು ಆಡುವವರು ಪಡೆಯಬಹುದು.

ಎರಡನೆಯ ಹೆಜ್ಜೆ: ಇರುವುದನ್ನೆಲ್ಲ ಪಟ್ಟಿ ಮಾಡಿ

ಈ ಕೆಲಸವನ್ನು ಎಲ್ಲರೂ ಮುಂದೂಡುತ್ತಾರೆ, ಏಕೆಂದರೆ ಇದು ಬೇಸರದ ಕೆಲಸ ಮತ್ತು ಕೊನೆಯಲ್ಲಿ ಬರುವ ಮೊತ್ತ ಹಿತವಾಗಿರುವುದಿಲ್ಲ. ನಾನೂ ಮುಂದೂಡಿದ್ದೆ. ಒಮ್ಮೆ ಹಳೆಯ ಆಟವೊಂದು ಒಳ್ಳೆಯ ಬೆಲೆಗೆ ಸಿಕ್ಕಿತೆಂದು ಸಂಭ್ರಮದಿಂದ ತಂದು ಕಪಾಟಿನಲ್ಲಿ ಇಡಲು ಹೋದಾಗ, ಅದೇ ಆಟ ಅದೇ ಸಾಲಿನಲ್ಲಿ ಮೊದಲೇ ಕುಳಿತಿತ್ತು. ಆ ಸಂಜೆಯೇ ಪಟ್ಟಿ ಶುರುವಾಯಿತು.

ಒಂದು ಸ್ಪ್ರೆಡ್‌ಶೀಟ್ ಸಾಕು, ನೋಟ್‌ಬುಕ್ ಆದರೂ ನಡೆಯುತ್ತದೆ. ಆಟದ ಹೆಸರು, ಕನ್ಸೋಲ್, ಕೊಂಡ ದಿನಾಂಕ, ಸಾಗಾಟ ಮತ್ತು ತೆರಿಗೆ ಸೇರಿದ ನಿಜವಾದ ವೆಚ್ಚ, ಪ್ರತಿಯ ಸ್ಥಿತಿ, ಆಡಿ ಮುಗಿಸಿದ್ದೀರೋ ಇಲ್ಲವೋ ಎಂಬ ಅಂಶ, ಇವಿಷ್ಟು ಅಂಕಣಗಳಿರಲಿ. ಡಿಜಿಟಲ್ ಅಂಗಡಿಗಳಲ್ಲಿ ಕೊಂಡ ಆಟಗಳನ್ನು ಮರೆಯಬೇಡಿ. ಕಣ್ಣಿಗೆ ಬೀಳದ ಕಾರಣ ಬಹುತೇಕರ ಅತಿ ದೊಡ್ಡ ರಾಶಿ ಅಲ್ಲಿಯೇ ಇರುತ್ತದೆ. ಹೆಚ್ಚುವರಿ ಕಂಟ್ರೋಲರ್, ಮೆಮೊರಿ ಕಾರ್ಡ್, ಹಳೆಯ ಕನ್ಸೋಲನ್ನು ಹೊಸ ಟಿವಿಗೆ ಜೋಡಿಸುವ ಪರಿವರ್ತಕ, ಕೇಬಲ್, ಪ್ಲಾಸ್ಟಿಕ್ ರಕ್ಷಾಕವಚ, ಕಪಾಟು ಇವೂ ಸಂಗ್ರಹದ ಖರ್ಚೇ. ಹಳೆಯ ಖರೀದಿಗಳ ವೆಚ್ಚ ನೆನಪಿಲ್ಲದಿದ್ದರೆ ಖಾಲಿ ಬಿಡಿ, ಇಂದಿನಿಂದ ಮುಂದಿನದನ್ನು ತಪ್ಪದೆ ಬರೆಯಿರಿ.

ಪಟ್ಟಿ ಸಿದ್ಧವಾದ ಮೇಲೆ ಇನ್ನೂ ಆಡದ ಆಟಗಳನ್ನಷ್ಟೇ ಬೇರೆ ಮಾಡಿ. ಒಂದೊಂದನ್ನೂ ಮುಗಿಸಲು ಸುಮಾರು ಎಷ್ಟು ಗಂಟೆ ಬೇಕೆಂಬುದನ್ನು ಹೌ ಲಾಂಗ್ ಟು ಬೀಟ್ ಎಂಬ ಜಾಲತಾಣದಲ್ಲಿ ಆಟಗಾರರೇ ದಾಖಲಿಸಿರುತ್ತಾರೆ. ಆ ಗಂಟೆಗಳನ್ನು ಕೂಡಿ, ವಾರಕ್ಕೆ ನಿಮಗೆ ನಿಜವಾಗಿ ಸಿಗುವ ಆಟದ ಸಮಯದಿಂದ ಭಾಗಿಸಿ. ಆಡದ ಆಟಗಳು 60 ಇದ್ದು, ತಲಾ 20 ಗಂಟೆ ಬೇಕಿದ್ದು, ವಾರಕ್ಕೆ 6 ಗಂಟೆ ಸಿಗುವವರಿಗೆ ಇರುವುದನ್ನು ಮುಗಿಸಲಿಕ್ಕೇ 200 ವಾರ, ಅಂದರೆ ನಾಲ್ಕು ವರ್ಷಕ್ಕೆ ಸ್ವಲ್ಪವೇ ಕಡಿಮೆ ಕಾಲ ಬೇಕು. ಹೊಸ ಆಟ ಕೊಂಡು ಇಂದೇ ಆಡುವೆನೆಂಬ ವಾದ ಈ ಲೆಕ್ಕದ ಮುಂದೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಮೂರನೆಯ ಹೆಜ್ಜೆ: ಸಂಗ್ರಹಕ್ಕೆ ಎಲ್ಲೆ ಹಾಕಿ

‘ನಾನು ಗೇಮ್ ಸಂಗ್ರಹಿಸುತ್ತೇನೆ’ ಎಂಬ ವಾಕ್ಯಕ್ಕೆ ಕೊನೆಯಿಲ್ಲ. ಅದರಡಿಯಲ್ಲಿ ಜಗತ್ತಿನ ಯಾವ ಆಟವೂ ಬರಬಹುದು. ‘ಇಂಥ ಕನ್ಸೋಲ್‌ನ ರೇಸಿಂಗ್ ಆಟಗಳು’, ‘ಬಾಲ್ಯದಲ್ಲಿ ನಾನು ಆಡಿದ ಇಪ್ಪತ್ತೈದು ಆಟಗಳು’, ‘ಇಂಥ ಸ್ಟುಡಿಯೊ ತಯಾರಿಸಿದವು’ ಎಂಬಂಥ ವಾಕ್ಯಗಳಿಗೆ ಅಂಚಿದೆ. ಅಂಚಿನ ಹೊರಗಿನದು ಎಷ್ಟೇ ಅಗ್ಗವಾದರೂ ನಿಮ್ಮದಲ್ಲ. ಈ ವಾಕ್ಯವನ್ನು ಪಟ್ಟಿಯ ತಲೆಯಲ್ಲಿಯೇ ಬರೆದಿಡುವುದು ಒಳ್ಳೆಯದು.

ಪೂರ್ಣ ಸಂಗ್ರಹದ ಗುರಿ ಹಿಡಿಯುವವರು ಮೊದಲು ಸಂಖ್ಯೆಯನ್ನು ನೋಡಲಿ. ನಿಂಟೆಂಡೊದ ವರ್ಚುವಲ್ ಬಾಯ್ 1995ರಲ್ಲಿ ಬಂದು ಮರುವರ್ಷವೇ ಕಣ್ಮರೆಯಾದ ಯಂತ್ರ. ಅದಕ್ಕೆ ಜಗತ್ತಿನಾದ್ಯಂತ ಬಿಡುಗಡೆಯಾದ ಆಟಗಳು 22, ಉತ್ತರ ಅಮೆರಿಕದಲ್ಲಿ ಬಂದವು 14 ಮಾತ್ರ. ಪ್ಲೇಸ್ಟೇಷನ್ 2ಕ್ಕಾದರೆ ಆಟಗಳು ಸಾವಿರಗಳ ಲೆಕ್ಕದಲ್ಲಿವೆ. ಆದರೆ ಸಂಖ್ಯೆ ಚಿಕ್ಕದಿದ್ದ ಮಾತ್ರಕ್ಕೆ ಖರ್ಚೂ ಚಿಕ್ಕದೆಂದು ತಿಳಿಯಬಾರದು. ಪೂರ್ಣ ಸಂಗ್ರಹದ ಮೊದಲ ಮುಕ್ಕಾಲು ಪಾಲು ಸುಲಭವಾಗಿ ಕೂಡುತ್ತದೆ, ಕೊನೆಯ ಬೆರಳೆಣಿಕೆಯ ಆಟಗಳು ಅದುವರೆಗಿನ ಒಟ್ಟು ಖರ್ಚನ್ನೇ ಮೀರಿಸಬಲ್ಲವು. ನಿಂಟೆಂಡೊದ ಎಂಬತ್ತರ ದಶಕದ ಕನ್ಸೋಲ್ ಎನ್‌ಇಎಸ್‌ಗೆ 1987ರಲ್ಲಿ ಬಂದಾಯ್ ಹೊರತಂದ ಸ್ಟೇಡಿಯಂ ಈವೆಂಟ್ಸ್ ಇದಕ್ಕೆ ತಕ್ಕ ನಿದರ್ಶನ. ಅದನ್ನು ಆಡಲು ಬೇಕಾದ, ಕಾಲಿನಿಂದ ಒತ್ತುವ ಚಾಪೆಯ ಹಕ್ಕನ್ನು ನಿಂಟೆಂಡೊ ತಾನೇ ಪಡೆದುಕೊಂಡಿದ್ದರಿಂದ ಆ ಆಟವನ್ನು ಅಂಗಡಿಗಳಿಂದ ಹಿಂತೆಗೆಯಲಾಯಿತು. ಉಳಿದ ಕೆಲವೇ ಪ್ರತಿಗಳಿಗೆ ಈಗ ಸಾಮಾನ್ಯರ ಕೈಗೆಟುಕದ ಬೆಲೆ. ಹೆಚ್ಚುಕಡಿಮೆ ಅದೇ ಆಟ ವರ್ಲ್ಡ್ ಕ್ಲಾಸ್ ಟ್ರ್ಯಾಕ್ ಮೀಟ್ ಎಂಬ ಹೆಸರಿನಲ್ಲಿ ಮತ್ತೆ ಬಂದು ಧಾರಾಳವಾಗಿ ಹಂಚಿಹೋಗಿದೆ. ಎರಡರ ಬೆಲೆಗಳ ನಡುವಿನ ಅಂತರವೆಲ್ಲ ಹೆಸರಿನ ಚೀಟಿಯದು. ‘ಪೂರ್ಣ’ ಎಂಬ ಪದವನ್ನು ನಿಮ್ಮ ಗುರಿಯಿಂದ ತೆಗೆದುಹಾಕುವುದು ಈ ಲೇಖನದಲ್ಲಿ ನಾನು ಕೊಡಬಲ್ಲ ಅತ್ಯಂತ ಲಾಭದಾಯಕ ಸಲಹೆಯೆಂದು ನನಗನ್ನಿಸುತ್ತದೆ.

ಜಾಗಕ್ಕೂ ಎಲ್ಲೆ ಇರಲಿ. ಒಂದು ಕಪಾಟು ಎಂದು ನಿಶ್ಚಯಿಸಿದರೆ ಅದು ತುಂಬಿದ ಮೇಲೆ ಹೊಸದು ಬರಲು ಹಳೆಯದೊಂದು ಹೋಗಲೇಬೇಕು.

ನಾಲ್ಕನೆಯ ಹೆಜ್ಜೆ: ಹಣವನ್ನು ಬೇರೆ ಇಡಿ

ಮನೆಖರ್ಚು, ಸಾಲದ ಕಂತು, ತುರ್ತುನಿಧಿ, ಉಳಿತಾಯ ಇವೆಲ್ಲ ಕಳೆದ ಮೇಲೆ ಮನರಂಜನೆಗೆ ಉಳಿಯುವ ಹಣದಲ್ಲಿ ಒಂದು ಪಾಲನ್ನು ಸಂಗ್ರಹಕ್ಕೆಂದು ತಿಂಗಳಿಗೊಮ್ಮೆ ತೆಗೆದಿಡಿ. ಎಷ್ಟು ಪಾಲು ಎಂಬುದು ಅವರವರ ಪರಿಸ್ಥಿತಿಗೆ ಬಿಟ್ಟದ್ದು. ಆ ಹಣ ಪೂರ್ತಿ ಕಳೆದುಹೋದರೂ ಮನೆಯವರ ಯಾವ ಕೆಲಸವೂ ನಿಲ್ಲದಷ್ಟು ಇರಬೇಕೆಂಬುದು ನನ್ನ ಅಳತೆಗೋಲು. ಅದನ್ನು ಪ್ರತ್ಯೇಕ ಖಾತೆಯಲ್ಲೋ ಪ್ರೀಪೇಯ್ಡ್ ಕಾರ್ಡಿನಲ್ಲೋ ಇಡುವುದು ಮುಖ್ಯ, ಏಕೆಂದರೆ ದೊಡ್ಡ ಖಾತೆಯೊಳಗೆ ಮನಸ್ಸಿನಲ್ಲಿ ಮಾತ್ರ ಎಳೆದ ಗೆರೆ ಮೊದಲ ರಿಯಾಯಿತಿಯ ದಿನವೇ ಅಳಿಸಿಹೋಗುತ್ತದೆ. ಆ ತಿಂಗಳು ಖರ್ಚಾಗದ ಹಣ ಮುಂದಿನ ತಿಂಗಳಿಗೆ ಸೇರಲಿ. ಹೀಗೆ ಕೂಡಿದಾಗ ಮಾತ್ರ ದುಬಾರಿ ಆಟವೊಂದನ್ನು ಸಾಲವಿಲ್ಲದೆ ಕೊಳ್ಳಲು ಸಾಧ್ಯ. ಮುಂದಿನ ತಿಂಗಳ ಪಾಲನ್ನು ಮುಂಗಡ ಪಡೆಯುವ ಪದ್ಧತಿ ಬೇಡ, ಹವ್ಯಾಸಕ್ಕೆ ಕಂತಿನ ಖರೀದಿಯಂತೂ ಬೇಡವೇ ಬೇಡ.

ಅಂಗಡಿ ತಾಣಗಳಲ್ಲಿ ಉಳಿಸಿಟ್ಟ ಕಾರ್ಡಿನ ವಿವರವನ್ನು ಅಳಿಸಿಹಾಕಿ. ಪ್ರತಿ ಸಲವೂ ಎದ್ದು ಹೋಗಿ ಕಾರ್ಡ್ ತಂದು ಅಂಕಿಗಳನ್ನು ಒತ್ತಬೇಕಾದಾಗ ಅರ್ಧದಷ್ಟು ಆಸೆಗಳು ದಾರಿಯಲ್ಲೇ ತಣ್ಣಗಾಗುತ್ತವೆ. ತಿಂಗಳ ಚಂದಾ ಸೇವೆಗಳ ಹಣವೂ ಇದೇ ಪಾಲಿನಿಂದ ಹೋಗಬೇಕು. ಮೂರು ತಿಂಗಳಿನಿಂದ ತೆರೆಯದ ಸೇವೆಯನ್ನು ನಿಲ್ಲಿಸಿ. ಬೇಕಾದಾಗ ಮತ್ತೆ ಸೇರಲು ಯಾರೂ ಅಡ್ಡಿ ಮಾಡುವುದಿಲ್ಲ.

ಐದನೆಯ ಹೆಜ್ಜೆ: ಕಾಯಲು ಕಲಿಯಿರಿ, ಆದರೆ ಎಲ್ಲಿ ಕಾಯಬೇಕೆಂದು ತಿಳಿದು ಕಾಯಿರಿ

ಹೊಸ ಆಟಕ್ಕೆ ಬಿಡುಗಡೆಯ ದಿನ ಕೊಡುವುದು ಅದರ ಅತಿ ಹೆಚ್ಚಿನ ಬೆಲೆ, ಪಡೆಯುವುದು ಹೆಚ್ಚಾಗಿ ದೋಷಗಳು ಉಳಿದಿರುವ ಆವೃತ್ತಿ. ಕೆಲವು ತಿಂಗಳು ತಾಳಿದರೆ ಬೆಲೆ ಇಳಿಯುತ್ತದೆ, ದೋಷಗಳು ಸರಿಯಾಗುತ್ತವೆ. ಇನ್ನೂ ತಾಳಿದರೆ ಬಿಡಿಬಿಡಿಯಾಗಿ ಮಾರಿದ ಹೆಚ್ಚುವರಿ ಭಾಗಗಳನ್ನೆಲ್ಲ ಸೇರಿಸಿದ ಸಮಗ್ರ ಆವೃತ್ತಿಯೇ ಬರುವುದುಂಟು. ಇದಕ್ಕೆ ದೊಡ್ಡ ಅಪವಾದವೆಂದರೆ ನಿಂಟೆಂಡೊ ತಾನೇ ತಯಾರಿಸುವ ಆಟಗಳು. ಅವುಗಳ ಬೆಲೆ ವರ್ಷಗಳು ಕಳೆದರೂ ಹೆಚ್ಚು ಇಳಿಯುವುದಿಲ್ಲವಾದ್ದರಿಂದ ಅಲ್ಲಿ ಹೊಸದಕ್ಕಾಗಿ ಕಾಯುವುದಕ್ಕಿಂತ ಸೆಕೆಂಡ್ ಹ್ಯಾಂಡ್ ಪ್ರತಿ ಹುಡುಕುವುದು ಮೇಲು. ಬಿಡುಗಡೆಗೆ ಮುನ್ನವೇ ಹಣ ಕಟ್ಟಿ ಕಾಯ್ದಿರಿಸುವುದರಿಂದ, ಡಿಜಿಟಲ್ ಪ್ರತಿಯ ವಿಷಯದಲ್ಲಂತೂ, ಆಟಗಾರನಿಗೆ ಸಿಗುವುದು ಅತ್ಯಲ್ಪ. ಡಿಜಿಟಲ್ ಪ್ರತಿ ಎಂದೂ ಮುಗಿದುಹೋಗುವುದಿಲ್ಲವಲ್ಲ.

ಬೇಕೆನಿಸಿದ್ದನ್ನು ಕೂಡಲೇ ಕೊಳ್ಳದೆ ದಿನಾಂಕ ಸಮೇತ ಒಂದು ಬೇಡಿಕೆ ಪಟ್ಟಿಗೆ ಸೇರಿಸಿ, ಮೂವತ್ತು ದಿನಗಳ ನಂತರ ತೆರೆದು ನೋಡಿ. ಆಗಲೂ ಬೇಕೆನಿಸಿದರೆ, ನಿಮಗೆ ನೀವೇ ಮೊದಲೇ ಗೊತ್ತುಮಾಡಿದ ಬೆಲೆಗೆ ಸಿಕ್ಕರೆ ಕೊಳ್ಳಿ. ರಿಯಾಯಿತಿ ಮಾರಾಟದ ದಿನ ಈ ಪಟ್ಟಿಯಲ್ಲಿರುವುದನ್ನು ಮಾತ್ರ ನೋಡಬೇಕು. ಸ್ಟೀಮ್‌ನಂಥ ಡಿಜಿಟಲ್ ಅಂಗಡಿಗಳ ಋತುಮಾನದ ಮಾರಾಟಗಳು ವರ್ಷಕ್ಕೆ ಹಲವು ಬಾರಿ ಮರಳಿ ಬರುತ್ತವೆ, ಒಮ್ಮೆ ಇಳಿದ ಬೆಲೆ ಮತ್ತೊಮ್ಮೆ ಇಳಿಯುವುದೇ ಹೆಚ್ಚು. ಕೊಂಡ ಮೇಲೆ ಹಿಡಿಸದಿದ್ದರೆ ಸ್ಟೀಮ್‌ನಲ್ಲಿ 14 ದಿನಗಳ ಒಳಗೆ, ಆಡಿದ ಸಮಯ 2 ಗಂಟೆ ಮೀರದಿದ್ದಲ್ಲಿ ಹಣ ವಾಪಸು ಕೇಳುವ ಅವಕಾಶವಿದೆ. ಹಾಗಾಗಿ ಕೊಂಡ ವಾರವೇ ಒಮ್ಮೆ ತೆರೆದು ಆಡಿ ನೋಡುವ ಅಭ್ಯಾಸವಿರಲಿ. ಮಾರಾಟದ ಅಬ್ಬರದಲ್ಲಿ ಹತ್ತು ಆಟ ಕೊಂಡು ಒಂದನ್ನೂ ತೆರೆಯದವರಿಗೆ ಈ ನಿಯಮದಿಂದ ಏನೂ ಪ್ರಯೋಜನವಿಲ್ಲ.

ಸೀಮಿತ ಆವೃತ್ತಿಗಳ ವಿಷಯ ಇದಕ್ಕಿಂತ ಕಠಿಣ. ಲಿಮಿಟೆಡ್ ರನ್ ಗೇಮ್ಸ್‌ನಂಥ ಸಂಸ್ಥೆಗಳು ಡಿಜಿಟಲ್ ಆಟಗಳ ಭೌತಿಕ ಪ್ರತಿಗಳನ್ನು ನಿಗದಿತ ಅವಧಿಗೆ ಅಥವಾ ನಿಗದಿತ ಸಂಖ್ಯೆಯಲ್ಲಿ ಮಾತ್ರ ಮಾರುತ್ತವೆ. ಈಗ ಬಿಟ್ಟರೆ ಮುಂದೆ ಇಮ್ಮಡಿ ಕೊಡಬೇಕಾದೀತು ಎಂಬ ಭಯವೇ ಇಲ್ಲಿ ಅರ್ಧ ವ್ಯಾಪಾರ ಮಾಡುತ್ತದೆ. ಇಂಥಲ್ಲಿ ಮೂವತ್ತು ದಿನ ಕಾಯುವ ನಿಯಮ ನಡೆಯದು. ಆ ಆಟವನ್ನು ನೀವು ಆಗಲೇ ಆಡಿ ಮೆಚ್ಚಿದ್ದೀರಾ, ಅದು ನಿಮ್ಮ ಎಲ್ಲೆಯೊಳಗೆ ಬರುತ್ತದೆಯೇ, ಬೇರೆ ಇಟ್ಟ ಹಣದಲ್ಲಿ ಈ ಕ್ಷಣ ಅದಕ್ಕೆ ಸಾಲುವಷ್ಟಿದೆಯೇ ಎಂಬ ಮೂರು ಪ್ರಶ್ನೆಗಳಿಗೂ ಹೌದೆಂಬ ಉತ್ತರ ಬಂದರೆ ಮಾತ್ರ ಕೊಳ್ಳಿ.

ಆರನೆಯ ಹೆಜ್ಜೆ: ಹಳೆಯ ಆಟಗಳ ನಿಜಬೆಲೆಯನ್ನು ತಿಳಿಯಿರಿ

ಹರಾಜು ತಾಣದಲ್ಲಿ ಮಾರುವವರು ಕೇಳುತ್ತಿರುವ ಬೆಲೆ ಅವರ ಆಸೆಯಷ್ಟೇ. ಅದೇ ಆಟ ಇತ್ತೀಚೆಗೆ ಎಷ್ಟಕ್ಕೆ ಮಾರಾಟವಾಯಿತು ಎಂಬುದನ್ನು ನೋಡಿ. ಇಬೇಯಂಥ ತಾಣಗಳಲ್ಲಿ ಮುಗಿದ ಮಾರಾಟಗಳನ್ನು ಪ್ರತ್ಯೇಕಿಸಿ ನೋಡಬಹುದು, ಪ್ರೈಸ್‌ಚಾರ್ಟಿಂಗ್ ತಾಣವು ಬಿಡಿ ಪ್ರತಿ, ಪೆಟ್ಟಿಗೆ-ಕೈಪಿಡಿ ಸಮೇತದ ಪ್ರತಿ, ಸೀಲ್ ಒಡೆಯದ ಪ್ರತಿ ಎಂದು ಬೆಲೆಗಳನ್ನು ವಿಂಗಡಿಸಿ ತೋರಿಸುತ್ತದೆ. ಈ ಮೂರು ಬಗೆಗಳ ನಡುವಿನ ವ್ಯತ್ಯಾಸ ವಿಪರೀತವಾಗಿರುತ್ತದೆ. ಸೀಲ್ ಒಡೆಯದ ಸೂಪರ್ ಮಾರಿಯೊ 64ರ ಪ್ರತಿಯೊಂದು 2021ರ ಜುಲೈನಲ್ಲಿ ಹೆರಿಟೇಜ್ ಹರಾಜು ಸಂಸ್ಥೆಯಲ್ಲಿ 15.6 ಲಕ್ಷ ಡಾಲರ್‌ಗೆ ಹೋಯಿತು. ನಿಂಟೆಂಡೊ 64 ಕನ್ಸೋಲ್‌ನಲ್ಲೇ ಅತಿ ಹೆಚ್ಚು ಮಾರಾಟವಾದ, ಒಂದು ಕೋಟಿಗೂ ಮೀರಿ ಪ್ರತಿಗಳಿರುವ ಆಟ ಅದು. ಅಂಥ ಸುದ್ದಿ ಓದಿ ತನ್ನ ಕಪಾಟೂ ಒಂದು ಹೂಡಿಕೆಯೆಂದು ಲೆಕ್ಕ ಹಾಕಲು ತೊಡಗಿದವರ ಖರ್ಚಿಗೆ ಲಂಗುಲಗಾಮು ಇರುವುದಿಲ್ಲ, ಯಾಕೆಂದರೆ ಆಮೇಲೆ ಪ್ರತಿಯೊಂದು ಖರೀದಿಯೂ ‘ಉಳಿತಾಯ’ವಾಗಿ ಕಾಣುತ್ತದೆ. ಸಾಂಕ್ರಾಮಿಕದ ಕಾಲದಲ್ಲಿ, ಅಂದರೆ 2020-21ರಲ್ಲಿ, ಮನೆಯಲ್ಲಿ ಕುಳಿತವರೆಲ್ಲ ಹಳೆಯ ಆಟಗಳನ್ನು ಹುಡುಕಿದ್ದರಿಂದ ಬೆಲೆಗಳು ಏರಿದ್ದವು. ಆ ಏರಿಕೆಯ ತುದಿಯಲ್ಲಿ ಕೊಂಡವರಲ್ಲಿ ಅನೇಕರಿಗೆ ಆಮೇಲೆ ಅದೇ ಬೆಲೆ ಹುಟ್ಟಲಿಲ್ಲ. ಸಂಗ್ರಹಕ್ಕೆ ಹಾಕಿದ ಹಣವನ್ನು ಖರ್ಚಾದ ಹಣವೆಂದೇ ಬರೆದುಕೊಳ್ಳಿ.

ಬೆಲೆಯ ಮೇಲೆ ಬರುವ ಖರ್ಚುಗಳೂ ಇವೆ. ಎಂಬತ್ತು-ತೊಂಬತ್ತರ ದಶಕದ ಅನೇಕ ಕಾರ್ಟ್ರಿಜ್‌ಗಳಲ್ಲಿ ಆಟದ ಪ್ರಗತಿಯನ್ನು ಉಳಿಸಿಡಲು ನಾಣ್ಯದಾಕಾರದ ಸೆಲ್ ಒಂದನ್ನು ಬೆಸುಗೆ ಹಾಕಿರುತ್ತಾರೆ. ಅದರ ಆಯುಸ್ಸು ಮುಗಿದಿದ್ದರೆ ಬದಲಿಸಬೇಕು. ಸೆಗಾ ಗೇಮ್ ಗೇರ್‌ನಂಥ ಕೈಯಂತ್ರಗಳಲ್ಲಿ ಕೆಪ್ಯಾಸಿಟರ್ ಎಂಬ ಸಣ್ಣ ವಿದ್ಯುತ್ ಬಿಡಿಭಾಗಗಳು ಸೋರಿ ಪರದೆ ಮಸುಕಾಗುವುದು, ಧ್ವನಿ ಸತ್ತುಹೋಗುವುದು ಬಹಳ ಸಾಮಾನ್ಯ. ಎನ್‌ಇಎಸ್, ಸೂಪರ್ ನಿಂಟೆಂಡೊ, ಪ್ಲೇಸ್ಟೇಷನ್ 1 ಮತ್ತು 2 ಇವುಗಳಲ್ಲಿ ಬೇರೆ ಪ್ರದೇಶಕ್ಕೆಂದು ತಯಾರಾದ ಆಟಗಳು ನಡೆಯುವುದಿಲ್ಲ. ಗೇಮ್ ಬಾಯ್, ಸ್ವಿಚ್‌ಗಳಿಗೆ ಆ ಕಟ್ಟುಪಾಡಿಲ್ಲ. ಹಾಗೆಂದೇ ಜಪಾನಿ ಭಾಷೆ ಬರುವವರಿಗೆ, ಅಥವಾ ಭಾಷೆಯ ಹಂಗಿಲ್ಲದ ಆಟಗಳಿಗೆ, ಜಪಾನಿನ ಗೇಮ್ ಬಾಯ್ ಪ್ರತಿ ಎಷ್ಟೋ ಸಲ ಅಗ್ಗದ ದಾರಿ.

ನಕಲಿಗಳ ಬಗ್ಗೆ ಎಚ್ಚರ ಬೇಕು. ಗೇಮ್ ಬಾಯ್ ಅಡ್ವಾನ್ಸ್‌ನ ಪೊಕೆಮಾನ್ ಆಟಗಳಲ್ಲಿ ನಕಲಿಗಳು ಲೆಕ್ಕವಿಲ್ಲದಷ್ಟಿವೆ. ಚೀಟಿಯ ಮುದ್ರಣದ ಗುಣಮಟ್ಟ, ಪ್ಲಾಸ್ಟಿಕ್ಕಿನ ಬಣ್ಣ, ಅಚ್ಚಾದ ಅಕ್ಷರಗಳ ಆಕಾರಗಳನ್ನು ಅಸಲಿ ಪ್ರತಿಯ ಚಿತ್ರದೊಂದಿಗೆ ಹೋಲಿಸಿ. ಎನ್‌ಇಎಸ್, ಸೂಪರ್ ನಿಂಟೆಂಡೊಗಳಂಥ ಹಳೆಯ ನಿಂಟೆಂಡೊ ಕಾರ್ಟ್ರಿಜ್‌ಗಳನ್ನು ತೆರೆಯಲು 3.8 ಮಿಲಿಮೀಟರಿನ ವಿಶೇಷ ಸ್ಕ್ರೂಡ್ರೈವರ್ ತುದಿ ಬೇಕಾಗುತ್ತದೆ. ಒಳಗಿನ ಬೋರ್ಡಿನ ಮೇಲೆ ತಯಾರಕರ ಹೆಸರು ಅಚ್ಚಾಗಿರುವುದನ್ನು ಕಣ್ಣಾರೆ ನೋಡಬಹುದು. ಆ ಒಂದು ಉಪಕರಣ ನನಗೆ ಉಳಿಸಿಕೊಟ್ಟ ಹಣ ಅದರ ಬೆಲೆಯ ಎಷ್ಟೋ ಪಟ್ಟು. ಬೋರ್ಡಿನ ಚಿತ್ರ ಕಳಿಸಲು ಒಲ್ಲದ ಮಾರಾಟಗಾರನಿಂದ ದುಬಾರಿ ಕಾರ್ಟ್ರಿಜ್ ಕೊಳ್ಳಬೇಡಿ.

ಏಳನೆಯ ಹೆಜ್ಜೆ: ಅಂಗಡಿ ಮುಚ್ಚುವ ಸುದ್ದಿಗೆ ಬೆದರಬೇಡಿ

ನಿಂಟೆಂಡೊ 3ಡಿಎಸ್ ಮತ್ತು ವೀ ಯು ಡಿಜಿಟಲ್ ಅಂಗಡಿಗಳಲ್ಲಿ ಖರೀದಿ 2023ರ ಮಾರ್ಚ್ 27ಕ್ಕೆ, ಎಕ್ಸ್‌ಬಾಕ್ಸ್ 360ರ ಅಂಗಡಿ 2024ರ ಜುಲೈ 29ಕ್ಕೆ ನಿಂತವು. ಕೊನೆಯ ವಾರಗಳಲ್ಲಿ ಸಿಕ್ಕಿದ್ದನ್ನೆಲ್ಲ ಬಾಚಿಕೊಂಡವರು ಅನೇಕರು. ಇನ್ನೊಂದೆಡೆ, ಪ್ಲೇಸ್ಟೇಷನ್ 3 ಮತ್ತು ವೀಟಾ ಅಂಗಡಿಗಳನ್ನು ಮುಚ್ಚುವುದಾಗಿ ಹೇಳಿದ್ದ ಸೋನಿ, ಆಕ್ಷೇಪಗಳು ಬಂದಾಗ 2021ರ ಏಪ್ರಿಲ್‌ನಲ್ಲಿ ನಿರ್ಧಾರವನ್ನು ಹಿಂತೆಗೆದುಕೊಂಡಿತು. ಆ ನಡುವೆ ಗಾಬರಿಯಿಂದ ಕೊಂಡವರ ಹಣ ಹೋದದ್ದು ಹೋಯಿತು. ಇಂಥ ಸುದ್ದಿ ಬಂದಾಗ ನಿಮ್ಮ ಬೇಡಿಕೆ ಪಟ್ಟಿಯನ್ನು ತೆರೆದು, ಬೇರೆಲ್ಲಿಯೂ ಸಿಗದ ಆಟಗಳನ್ನು ಮಾತ್ರ ಗುರುತಿಸಿ. ಅವು ಸಾಮಾನ್ಯವಾಗಿ ನಾಲ್ಕೋ ಐದೋ ಇರುತ್ತವೆ.

ಇಟ್ಟುಕೊಳ್ಳುವ ಆಸೆಯಿಂದ ಕೊಳ್ಳುವವರು ಡಿಜಿಟಲ್ ಪ್ರತಿಗೆ ಹೆಚ್ಚು ಹಣ ಸುರಿಯದಿರುವುದು ಲೇಸು, ಏಕೆಂದರೆ ಅಲ್ಲಿ ಸಿಗುವುದು ಮಾಲೀಕತ್ವವಲ್ಲ, ಪರವಾನಗಿ. ಅದನ್ನು ಮರಳಿ ಮಾರಲಾಗದು. ಈ ಸಂಗತಿಯನ್ನು ಗ್ರಾಹಕರಿಗೆ ಸ್ಪಷ್ಟವಾಗಿ ತಿಳಿಸಬೇಕೆಂಬ ಕಾನೂನು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2025ರ ಆರಂಭದಿಂದ ಜಾರಿಯಲ್ಲಿದೆ. ಹಾಗೆಂದು ಡಿಸ್ಕ್ ಇದ್ದರೆ ಎಲ್ಲವೂ ಭದ್ರವೆಂದಲ್ಲ. ಆಡಲು ಸದಾ ಇಂಟರ್ನೆಟ್ ಬೇಕಾಗಿದ್ದ ಯೂಬಿಸಾಫ್ಟ್‌ನ ದಿ ಕ್ರೂ ಆಟದ ಸರ್ವರ್‌ಗಳು 2024ರ ಮಾರ್ಚ್ ಅಂತ್ಯಕ್ಕೆ ನಿಂತಾಗ ಡಿಸ್ಕ್ ಇದ್ದವರಿಗೂ ಆಟ ಇಲ್ಲವಾಯಿತು. 2025ರಲ್ಲಿ ಬಂದ ಸ್ವಿಚ್ 2ರ ಕೆಲವು ಆಟಗಳ ಕಾರ್ಡಿನಲ್ಲಿ ಆಟವೇ ಇರುವುದಿಲ್ಲ, ಕೀಲಿ ಮಾತ್ರ ಇದ್ದು ಉಳಿದುದನ್ನು ಇಳಿಸಿಕೊಳ್ಳಬೇಕು. ಪೆಟ್ಟಿಗೆಯ ಮೇಲಿನ ಸಣ್ಣ ಅಕ್ಷರಗಳನ್ನು ಓದಿ, ಇಂಟರ್ನೆಟ್ ಇಲ್ಲದೆ ಆಡಲು ಬರುವಂಥದಕ್ಕೆ ಮಾತ್ರ ಸಂಗ್ರಹದ ಬೆಲೆ ಕೊಡಿ.

ಎಂಟನೆಯ ಹೆಜ್ಜೆ: ಮೂರು ತಿಂಗಳಿಗೊಮ್ಮೆ ಲೆಕ್ಕ ನೋಡಿ, ಬೇಡವಾದದ್ದನ್ನು ಮಾರಿ

ಮೂರು ತಿಂಗಳಿಗೊಮ್ಮೆ ಪಟ್ಟಿಯನ್ನು ತೆರೆದು, ಆ ಅವಧಿಯಲ್ಲಿ ಕೊಂಡವುಗಳಲ್ಲಿ ಎಷ್ಟನ್ನು ಆಡಿದಿರಿ, ಎಷ್ಟು ಎಲ್ಲೆಯೊಳಗಿನವು ಎಂದು ಎಣಿಸಿ. ಎಲ್ಲೆಯ ಹೊರಗಿನವು, ಒಂದೇ ಆಟದ ಎರಡೆರಡು ಬಂದು ಕುಳಿತ ಪ್ರತಿಗಳು, ಮುಗಿಸಿ ಮತ್ತೆ ಮುಟ್ಟಲಾರಿರೆಂದು ಖಚಿತವಾದವು, ಇವನ್ನು ಮಾರಾಟಕ್ಕೆ ಇಡಿ. ಬಂದ ಹಣ ಬೇರೆ ಇಟ್ಟ ಖಾತೆಗೇ ಸೇರಲಿ. ತಾಣದ ಶುಲ್ಕ ಮತ್ತು ಸಾಗಾಟ ಕಳೆದರೆ ಕೈಗೆ ಬರುವುದು ನಿರೀಕ್ಷೆಗಿಂತ ಕಡಿಮೆಯಿರುತ್ತದೆ. ಆ ಕೊರತೆಯನ್ನೂ ಪಟ್ಟಿಯಲ್ಲಿ ಬರೆಯಿರಿ, ಮುಂದಿನ ಸಲ ‘ಬೇಡವಾದರೆ ಮಾರಿದರಾಯಿತು’ ಎಂದು ಮನಸ್ಸು ಹೇಳಿದಾಗ ತೋರಿಸಲು ಒಂದು ಅಂಕಿ ಇರಬೇಕು.

ಮನೆಯಲ್ಲಿ ಸಂಗಾತಿ ಇದ್ದರೆ ಈ ಲೆಕ್ಕ ಅವರಿಗೂ ಕಾಣುವಂತಿರಲಿ. ಕೊಂಡ ಪೊಟ್ಟಣವನ್ನು ಯಾರಿಗೂ ಕಾಣದಂತೆ ಒಳಗೆ ತರುವ ಹಂತಕ್ಕೆ ಬಂದಿದ್ದರೆ, ಅಥವಾ ಆಟಕ್ಕಾಗಿ ಸಾಲದ ಬಾಕಿ ಬೆಳೆಯುತ್ತಿದ್ದರೆ, ಮೇಲಿನ ಯಾವ ಹೆಜ್ಜೆಗೂ ಮೊದಲು ಖರೀದಿಯನ್ನು ಪೂರ್ತಿಯಾಗಿ ನಿಲ್ಲಿಸಿ ನಂಬಿಕೆಯವರೊಂದಿಗೋ ಆಪ್ತಸಮಾಲೋಚಕರೊಂದಿಗೋ ಮಾತನಾಡಬೇಕು. ಸಾಲ ತೀರುವವರೆಗೆ ಕಪಾಟಿನಲ್ಲಿರುವ ಆಡದ ಆಟಗಳೇ ನಿಮ್ಮ ಅಂಗಡಿ. ಪಟ್ಟಿಯನ್ನು ತೆರೆದು, ಅತಿ ಹಳೆಯ ದಿನಾಂಕದ ಆಟದಿಂದ ಆಡಲು ಆರಂಭಿಸಿ.